ಒಂದು ಮನೆಗೆ ಒಂದೇ ಶಿಫಾರಸು

ಬ್ರನೋ, 14 ಸೆಪ್ಟೆಂಬರ್ 1992

ಪ್ರೀತಿಯ ಬ್ಲಾಂಕಾ,

ನೀನು ಕಳಿಸಿದ ಕುರಿಗಿಣ್ಣು ಬಂತು. ದಾರಿಯಲ್ಲಿ ಸ್ವಲ್ಪ ಬೆವತಿತ್ತು, ರುಚಿ ಕೆಟ್ಟಿರಲಿಲ್ಲ. ಅದಿರಲಿ. ಇವತ್ತು ನನ್ನ ಕಚೇರಿಗೆ ಯಾರು ಬಂದಿದ್ದರು ಗೊತ್ತೆ? ಓತಾಕರ್ ಕುಬಾತ್.

ಹೌದು, ಅವನೇ. ಉಣ್ಣೆ ಗಿರಣಿಯ ಸಿಬ್ಬಂದಿ ವಿಭಾಗದ ಮುಖ್ಯಸ್ಥ. ಇಪ್ಪತ್ತೊಂದು ವರ್ಷದ ಹಿಂದೆ ಒಂದು ಹಾಳೆ ಗೋಪ್ಯ ವರದಿ ಬರೆದು, ಬಣ್ಣದ ಪ್ರಯೋಗಾಲಯಕ್ಕೆ ಮುಖ್ಯಸ್ಥೆಯಾಗಬೇಕಿದ್ದ ನನ್ನನ್ನು ಉಣ್ಣೆ ತೊಳೆಯುವ ಶೆಡ್ಡಿಗೆ ಇಳಿಸಿದವನು. ಹದಿನೆಂಟು ವರ್ಷ ಆ ಕುರಿಜಿಡ್ಡಿನ ವಾಸನೆಯಲ್ಲಿ ನಿಂತೆ. ಈಗಲೂ ಮಳೆ ಬಂದರೆ ಬೆರಳಿನ ಗೆಣ್ಣುಗಳು ಬಾತುಕೊಳ್ಳುತ್ತವೆ.

ಕಾರ್ಮಿಕ ಕಚೇರಿಯ ಚೀಟಿ ಹಿಡಿದು ಬಂದಿದ್ದ. ಗಿರಣಿ ಮುಚ್ಚಿದೆ. ಅವನಿಗೆ ಐವತ್ತೇಳು, ಪಿಂಚಣಿಗೆ ಇನ್ನೂ ಮೂರು ವರ್ಷ. ಹೊಸ ಕಂಪನಿಗಳಿಗೆ ಜನ ಹುಡುಕಿಕೊಡುವುದರ ಜೊತೆಗೆ, ಕೆಲಸ ಕಳೆದುಕೊಂಡವರಿಗೆ ಅರ್ಜಿ ಬರೆಯುವುದು, ಸಂದರ್ಶನದಲ್ಲಿ ಮಾತಾಡುವುದು ಕಲಿಸುವ ಕೆಲಸವನ್ನೂ ನಾನು ಒಪ್ಪಿಕೊಂಡಿದ್ದೇನಲ್ಲ, ಹಾಗೆ ಬಂದ. ಬಾಗಿಲಲ್ಲಿ ಟೋಪಿ ತೆಗೆದು ನಿಂತ. ನನಗೆ ಗುರುತು ಸಿಕ್ಕಿತು, ಅವನಿಗೆ ಸಿಗಲಿಲ್ಲ. ನನ್ನ ಗಂಡನಾಗಿದ್ದ ಪೆಲಿಕಾನ್ ನನ್ನನ್ನು ಬಿಟ್ಟು ಹೋಗುವಾಗ ತನ್ನ ಹೆಸರೊಂದನ್ನು ಬಿಟ್ಟು ಹೋಗಿದ್ದ. ಅದು ಮೊದಲ ಸಲ ಉಪಯೋಗಕ್ಕೆ ಬಂತು. ಫಲಕದ ಮೇಲಿರುವುದು ಇಂಜಿನಿಯರ್ ಮಿಲಾದಾ ಪೆಲಿಕಾನೋವಾ. ಮದುವೆಗೆ ಮುಂಚಿನ ತೊಮೆಶೋವಾ ಎಂಬ ಹುಡುಗಿ ಅವನಿಗೆ ಎಲ್ಲಿ ಕಾಣಬೇಕು?

"ಮೂವತ್ತು ವರ್ಷ ನಾನು ಜನರನ್ನ ಆರಿಸಿದೋನು ಮೇಡಂ," ಅಂದ. "ಈಗ ನನ್ನನ್ನ ಆರಿಸೋರೇ ಇಲ್ಲ. ಎಲ್ಲಿ ಹೋದ್ರೂ ಇಪ್ಪತ್ತೈದರ ಹುಡುಗೀರು ಕೂತಿರ್ತಾರೆ. ನಿಮ್ಮ ದೌರ್ಬಲ್ಯ ಏನು ಅಂತ ಕೇಳ್ತಾರೆ."

"ನೀವೇನು ಹೇಳಿದ್ರಿ?"

"ಮಂಡಿನೋವು ಅಂದೆ."

ನಗು ಬಂದುಬಿಟ್ಟಿತು. ಅವನೂ ನಕ್ಕ. ನಗುತ್ತಲೇ ನಾನು ಅಂದಿನ ದಿನವನ್ನು ನೆನೆದೆ. ವರದಿಯನ್ನು ನನ್ನೆದುರು ಗಟ್ಟಿಯಾಗಿ ಓದಿ, ಕೆಳಗೆ ನನ್ನಿಂದಲೇ ಸಹಿ ಹಾಕಿಸಿಕೊಂಡಿದ್ದ. "ಸಹಾಯಕ್ಕೆ ಬಂದ ಸೋದರ ಸೇನೆಯ ಸೈನಿಕರನ್ನು ಬಣ್ಣದ ತೊಟ್ಟಿಯಲ್ಲಿ ಅದ್ದಿ ಒಣಹಾಕಬೇಕೆಂದು ಮನೆಯಲ್ಲಿ ಹೇಳಿರುತ್ತಾಳೆ." ಅರವತ್ತೆಂಟರಲ್ಲಿ ಟ್ಯಾಂಕು ಹತ್ತಿ ದೇಶಕ್ಕೆ ನುಗ್ಗಿದ ರಷ್ಯದವರ ಬಗ್ಗೆ ಆ ಮಾತು ನಾನು ಒಂದೇ ಒಂದು ಸಲ ಆಡಿದ್ದೆ, ನಮ್ಮ ಊಟದ ಮೇಜಿನಲ್ಲಿ. ಅಪ್ಪ, ಅಮ್ಮ, ನೀನು, ವಿಲೆಮ್. ಮನೆಯವರಲ್ಲದವನು ವಿಲೆಮ್ ಒಬ್ಬನೇ. ಅವನೇ ಹೇಳಿಕೊಟ್ಟನೆಂದು, ನಮ್ಮ ಮದುವೆಗೆ ಎರಡು ತಿಂಗಳಿದೆ ಎನ್ನುವಾಗ ಅವನನ್ನು ಬಾಗಿಲಿನಿಂದಾಚೆ ಕಳಿಸಿದೆ. ಅವನು ತೀರಿಕೊಂಡೂ ಆರು ವರ್ಷವಾಯಿತು.

ಕುಬಾತನನ್ನು ನಾನು ವಾಪಸ್ಸು ಕಳಿಸಲಿಲ್ಲ. ಗುರುವಾರ ಬರಲು ಹೇಳಿದ್ದೇನೆ.

ನಿನ್ನ ಅಕ್ಕ,
ಮಿಲಾದಾ


ಕೊಶಿತ್ಸೆ, 27 ಸೆಪ್ಟೆಂಬರ್ 1992

ಪ್ರೀತಿಯ ಅಕ್ಕ,

ನಿನ್ನ ಪತ್ರವನ್ನು ನಾಲ್ಕು ದಿನ ಬಿಳಿ ಕೋಟಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ವಾರ್ಡಿನಲ್ಲಿ ಗಂಟಲುಮಾರಿ ಇದೆಯೆಂದು ಅನುಮಾನ ಬಂದು ಗಲಾಟೆಯೋ ಗಲಾಟೆ, ಬರೆಯಲು ಆಗಲಿಲ್ಲ. ಪುಣ್ಯಕ್ಕೆ ಬರೀ ನೆಗಡಿ ಜ್ವರ. ಒಂದ್ರೆಯ್‌ಗೆ ಬೆನ್ನು ಹಿಡಿದಿದೆ. ಮಾತ್ರೆ ಕೊಟ್ಟರೆ ಬೇಡ ಅನ್ನುತ್ತಾನೆ, ಡಾಕ್ಟರ ಗಂಡನಾಗಿ ಮಾತ್ರೆ ತಿನ್ನುವುದು ಅವಮಾನವಂತೆ.

ಅವನನ್ನು ಬೇರೆ ಯಾರ ಹತ್ತಿರಕ್ಕಾದರೂ ಕಳಿಸಿಬಿಡು. ನಿನ್ನ ಊರಿನಲ್ಲಿ ಇದೇ ಕೆಲಸ ಮಾಡುವವರು ಇನ್ನೂ ಇಬ್ಬರು ಮೂವರು ಇದ್ದಾರೆಂದು ನೀನೇ ಬರೆದಿದ್ದೆ. ಅವನಿಗೆ ವಯಸ್ಸಾಗಿದೆ, ಕೆಲಸ ಹೋಗಿದೆ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದಾನೆ. ಇನ್ನೇನು ಬೇಕು? ನೀನು ಈಗಷ್ಟೇ ಮೇಲೆದ್ದಿದ್ದೀಯ. ಆ ಶೆಡ್ಡಿಗೆ ಮತ್ತೆ ಯಾಕೆ ಇಳಿಯುತ್ತೀಯ?

ಅವನು ನಮ್ಮ ಮನೆಯ ವಿಷಯ ಏನಾದರೂ ಎತ್ತಿದನೆ? ಸುಮ್ಮನೆ ಕೇಳಿದೆ.

ಬ್ಲಾಂಕಾ


ಬ್ರನೋ, 19 ಅಕ್ಟೋಬರ್ 1992

ಪ್ರೀತಿಯ ಬ್ಲಾಂಕಾ,

ನಿನಗೆ ಮೊದಲಿನಿಂದಲೂ ಮನಸ್ಸು ಮೆತ್ತಗೆ. ಕಾಲು ಮುರಿದ ಪಾರಿವಾಳವನ್ನು ಶೂ ಡಬ್ಬಿಯಲ್ಲಿಟ್ಟು ಸಾಕಿದವಳು. ಇಲ್ಲ, ಅವನು ನಮ್ಮ ಮನೆಯ ಸುದ್ದಿ ಎತ್ತಿಲ್ಲ. ನಾನು ಯಾರೆಂದೇ ಅವನಿಗೆ ಇನ್ನೂ ತಿಳಿದಿಲ್ಲ. ಐದು ವಾರದಿಂದ ಎದುರು ಕೂರುತ್ತಿದ್ದಾನೆ. ನನ್ನ ಬಾಳನ್ನೇ ಮುಳುಗಿಸಿದ ಹಾಳೆ ಅವನಿಗೆ ನಾಲ್ಕು ಸಾವಿರದಲ್ಲಿ ಒಂದು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಉರಿಯುತ್ತದೆ.

ಮೊದಲ ದಿನ ತನ್ನ ಸ್ವವಿವರ ತಂದಿದ್ದ. ನಾಲ್ಕು ಪುಟ. "ಬಡ ಕಾರ್ಮಿಕ ಕುಟುಂಬದಲ್ಲಿ ಜನಿಸಿದ ನಾನು" ಎಂದು ಶುರು. ಈಗ ಹೀಗೆ ಬರೆಯುವುದಿಲ್ಲ, ಒಂದೇ ಪುಟ, ಚುಕ್ಕಿ ಇಟ್ಟು ಚುಟುಕಾಗಿ ಬರೆಯಬೇಕು ಎಂದೆ. ಹನ್ನೊಂದು ಸಲ ಬರೆಸಿದೆ. ಒಂಬತ್ತನೆಯದೇ ಸರಿಯಾಗಿತ್ತು.

ಆಮೇಲೆ ಕಸಗುಡಿಸುವ ಯಂತ್ರ ಮಾರುವ ಕಂಪನಿಯ ಸಂದರ್ಶನಕ್ಕೆ ಕಳಿಸಿದೆ. ಇಪ್ಪತ್ತು ಜನ ಹುಡುಗರ ಮಧ್ಯೆ ಇವನೊಬ್ಬ. ಚಪ್ಪಾಳೆ ತಟ್ಟಿ ಘೋಷಣೆ ಕೂಗಿಸಿದರಂತೆ, ಕಾಗದದಲ್ಲಿ ಗೋಪುರ ಕಟ್ಟಿಸಿದರಂತೆ. ಮಂಡಿಯೂರಿ ಕಟ್ಟಿದ್ದಾನೆ. ಮರುದಿನ ಬಂದು ನನ್ನ ಮುಂದೆ ಕೂತ.

"ಗೋಪುರ ನಂದೇ ಎಲ್ಲರಿಗಿಂತ ಎತ್ತರ ಇತ್ತು ಮೇಡಂ. ಆದ್ರೂ ತಗೊಳ್ಳಲಿಲ್ಲ."

ತೆಗೆದುಕೊಳ್ಳುವುದಿಲ್ಲವೆಂದು ನನಗೆ ಗೊತ್ತಿತ್ತು. ಅಲ್ಲಿಯ ಹುಡುಗಿಗೆ ಮೊದಲೇ ಫೋನ್ ಮಾಡಿ ಒಂದು ಮಾತು ಹೇಳಿದ್ದೆ. ಪೇಂಟ್ ಅಂಗಡಿಯವರಿಗೂ ಹೇಳಿದ್ದೆ, ಬಸ್ ಡಿಪೋದವರಿಗೂ ಹೇಳಿದ್ದೆ. ಹೆಚ್ಚೇನೂ ಹೇಳಬೇಕಿಲ್ಲ ಬ್ಲಾಂಕಾ. "ಮನುಷ್ಯ ಒಳ್ಳೆಯವನೇ, ಆದರೆ" ಎಂದು ಸುಮ್ಮನಾದರೆ ಸಾಕು.

ಇವೆಲ್ಲ ಬರೀ ಕೈ ಪಳಗಿಸಿಕೊಂಡದ್ದು. ಆಸ್ಟ್ರಿಯಾದವರು ಊರಾಚೆಯ ಹೆಂಚಿನ ಕಾರ್ಖಾನೆ ಕೊಂಡಿದ್ದಾರೆ, ಸಿಬ್ಬಂದಿ ಮುಖ್ಯಸ್ಥನನ್ನು ಹುಡುಕಿಕೊಡಲು ನನಗೇ ಹೇಳಿದ್ದಾರೆ. ಕುಬಾತನ ಹೆಸರನ್ನು ಪಟ್ಟಿಯ ತಲೆಯಲ್ಲಿ ಬರೆದಿದ್ದೇನೆ. ಕೇಳಿ ಅವನ ಕಣ್ಣಲ್ಲಿ ನೀರು ಬಂತು.

ಮಿಲಾದಾ


ಕೊಶಿತ್ಸೆ, 8 ನವೆಂಬರ್ 1992

ಪ್ರೀತಿಯ ಅಕ್ಕ,

ನಿನ್ನ ಪತ್ರ ಓದಿ ಹೆದರಿಕೆಯಾಯಿತು. ಫೋನಿನಲ್ಲಿ "ಆದರೆ" ಎಂದು ಸುಮ್ಮನಾಗುವವಳು ನನ್ನ ಅಕ್ಕನೇ ಎಂದು ಎರಡು ಸಲ ಓದಿ ನೋಡಿದೆ. ನಿಲ್ಲಿಸು. ನನಗೋಸ್ಕರ ನಿಲ್ಲಿಸು. ಹಳೆಯ ಕಾಗದಗಳನ್ನು ಕೆದಕಿದರೆ ಯಾರಿಗೆ ಒಳ್ಳೆಯದಾಗುತ್ತದೆ? ಅಂದು ಎಲ್ಲರೂ ಏನೋ ಒಂದು ಬರೆದರು, ಎಲ್ಲರೂ ಏನೋ ಒಂದಕ್ಕೆ ಸಹಿ ಹಾಕಿದರು. ಕ್ರಿಸ್ಮಸ್ಸಿಗೆ ಇಲ್ಲಿಗೇ ಬಾ. ಮೀನು ನಾನೇ ಕರಿಯುತ್ತೇನೆ, ಮುಳ್ಳು ಒಂದ್ರೆಯ್ ತೆಗೆಯುತ್ತಾನೆ.

ಇನ್ನೊಂದು ವಿಷಯ. ಹೇಳಲೋ ಬೇಡವೋ ಅಂದುಕೊಂಡೆ. ನಮ್ಮ ಆಸ್ಪತ್ರೆಯ ಮಕ್ಕಳ ವಿಭಾಗದ ಮುಖ್ಯಸ್ಥರು ನಿವೃತ್ತರಾಗುತ್ತಿದ್ದಾರೆ. ಮುಂಚಿನ ಹಾಗೆ ಮೇಲಿನಿಂದ ನೇಮಿಸುವುದಿಲ್ಲ, ಅರ್ಜಿ ಕರೆದಿದ್ದಾರೆ. ಐದು ಜನರ ಸಮಿತಿ, ಫೆಬ್ರವರಿ ಹದಿನೇಳಕ್ಕೆ ಸಂದರ್ಶನ. ವಾರ್ಡಿನವರೆಲ್ಲ ನೀವೇ ಹಾಕಿ ಎನ್ನುತ್ತಿದ್ದಾರೆ. ನನಗೆ ಅರ್ಜಿ ಬರೆಯಲು ಬರುವುದಿಲ್ಲ. ಕರಡು ಇದರ ಜೊತೆಗಿದೆ. ನಿನ್ನ ಕಣ್ಣಿಗೆ ಹೇಗೆ ಕಾಣುತ್ತದೆ ಹೇಳು.

ಬ್ಲಾಂಕಾ


ಬ್ರನೋ, 22 ನವೆಂಬರ್ 1992

ನನ್ನ ಬ್ಲಾಂಕಾ,

ಹೇಳಲೋ ಬೇಡವೋ ಅಂದುಕೊಂಡಳಂತೆ. ನಿನ್ನ ಪತ್ರ ಓದಿ ನಾನು ಕೆಳಗಿನ ಟೋಪಿ ಅಂಗಡಿಯ ಮುದುಕಿಗೂ ಸುದ್ದಿ ಹೇಳಿ ಬಂದೆ.

ಕರಡು ತಿದ್ದಿ ಕಳಿಸಿದ್ದೇನೆ. ನೀನು ನಿನ್ನ ಬಗ್ಗೆ ಬರೆಯುವಾಗ ಪ್ರತಿ ಸಾಲಿನಲ್ಲೂ ಕ್ಷಮೆ ಕೇಳುವವಳ ಹಾಗೆ ಬರೆಯುತ್ತೀಯ. "ಅವಕಾಶ ದೊರೆತದ್ದರಿಂದ ವೈದ್ಯಕೀಯ ಓದಿದೆ" ಅಂದರೇನು? ಅವಕಾಶ ದೊರೆಯಲಿಲ್ಲ, ನೀನು ಗಳಿಸಿದೆ. ಹಾಗೇ ಬರೆ. ಸಂದರ್ಶನದಲ್ಲಿ ಕೈ ಮೇಜಿನ ಮೇಲಿರಲಿ, ಪ್ರಶ್ನೆ ಮುಗಿಯುವ ಮೊದಲೇ ತಲೆಯಾಡಿಸಬೇಡ.

ಒಂದು ಮಾತು ಹೇಳುತ್ತೇನೆ, ಇದುವರೆಗೆ ಹೇಳಿರಲಿಲ್ಲ. ಶೆಡ್ಡಿನಲ್ಲಿ ಮೊದಲ ಚಳಿಗಾಲ ಬಹಳ ಕೆಟ್ಟದಾಗಿತ್ತು. ಆಗ ನಾನು ತೊಟ್ಟಿಯ ಮುಂದೆ ನಿಂತು ನೀನು ಓದುತ್ತಿದ್ದ ಎಲುಬುಗಳ ಹೆಸರುಗಳನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ನನ್ನನ್ನು ತಡೆದರು, ಇವಳನ್ನು ತಡೆಯಲು ಆಗಲಿಲ್ಲ ಎಂದುಕೊಂಡರೆ ಸಂಜೆಯ ಸೈರನ್ನು ಬೇಗ ಕೂಗಿದಂತಾಗುತ್ತಿತ್ತು.

ಕುಬಾತನ ಸಂದರ್ಶನ ಡಿಸೆಂಬರ್ ಹತ್ತಕ್ಕೆ. ನಿಲ್ಲಿಸು ಎಂದು ನೀನು ಬರೆದದ್ದನ್ನು ಓದಿದೆ. ನೀನು ಡಾಕ್ಟರು, ಬದುಕಿಸುವುದು ನಿನ್ನ ಕೆಲಸ. ಇದು ನನ್ನದು.

ಮಿಲಾದಾ


ಬ್ರನೋ, 12 ಡಿಸೆಂಬರ್ 1992

ಪ್ರೀತಿಯ ಬ್ಲಾಂಕಾ,

ಮುಗಿಯಿತು. ಎಲ್ಲ ಬರೆಯುತ್ತೇನೆ, ಒಂದನ್ನೂ ಬಿಡುವುದಿಲ್ಲ.

ಕಾರ್ಖಾನೆಯ ಕಚೇರಿಯಲ್ಲಿ ಮೂವರಿದ್ದೆವು. ಮಾಲೀಕರ ಕಡೆಯ ಬ್ರಾಂಡ್‌ಸ್ಟೆಟರ್, ಅವನ ಲೆಕ್ಕಿಗ, ಮಧ್ಯೆ ದುಭಾಷಿಯಾಗಿ ನಾನು. ಕುಬಾತ್ ಹೊಸ ಕಪ್ಪು ಸೂಟು ಹಾಕಿದ್ದ. ತನ್ನ ವಸತಿ ಕಟ್ಟಡದ ನೆರೆಯವರಿಗೆಲ್ಲ ಹೇಳಿ ಬಂದಿದ್ದನಂತೆ. ಬಾಗಿಲಲ್ಲಿ ನಾನೇ ಅವನ ಟೈ ನೇರ ಮಾಡಿದೆ.

ನಿಮ್ಮ ದೊಡ್ಡ ಸಾಧನೆ ಯಾವುದು ಎಂದು ಬ್ರಾಂಡ್‌ಸ್ಟೆಟರ್ ಕೇಳಿದ. ನಾನು ಕಲಿಸಿದ್ದ ಉತ್ತರವನ್ನೇ ಅವನು ಹೇಳಿದ, ಒಂದಕ್ಷರ ತಪ್ಪಲಿಲ್ಲ.

"ನಾಲ್ಕು ಸಾವಿರ ಜನ ಕೆಲಸಗಾರರು. ಪ್ರತಿಯೊಬ್ಬರ ವರದಿಯೂ ನಾನೇ ಕೂತು ಬರೆದದ್ದು. ಒಂದು ಸಾಲೂ ಸುಮ್ನೆ ಬರೆದೋನಲ್ಲ."

ಅದನ್ನು ಜರ್ಮನ್ನಿನಲ್ಲಿ ಹೇಳಿದೆ. ಆಮೇಲೆ ಕಡತದಿಂದ ನನ್ನ ವರದಿಯ ಪ್ರತಿಯನ್ನು ತೆಗೆದೆ. ಗಿರಣಿಯವರಿಂದ ತೊಂಬತ್ತರಲ್ಲಿ ಹಟ ಹಿಡಿದು ತಂದದ್ದು. "ಇವರ ಕೆಲಸದ ಒಂದು ಮಾದರಿ," ಎಂದು ಅವನ ಮುಂದಿಟ್ಟೆ. "ಗಟ್ಟಿಯಾಗಿ ಓದಿ ಕುಬಾತ್ ಅವರೇ. ನಾನು ಸಾಲು ಸಾಲಾಗಿ ಜರ್ಮನ್ನಿನಲ್ಲಿ ಹೇಳ್ತೀನಿ."

ಕನ್ನಡಕ ಹಾಕಿಕೊಂಡ. "ತೊಮೆಶೋವಾ, ಮಿಲಾದಾ, ಜನನ 1945," ಎಂದು ಒಳ್ಳೆಯ ದನಿಯಲ್ಲಿ ಶುರು ಮಾಡಿದ. ಹೆಸರು ಓದಿಯೂ ತಲೆ ಎತ್ತಲಿಲ್ಲ. ಮೂರನೆಯ ಸಾಲಿಗೆ ದನಿ ಇಳಿಯಿತು.

"ಇದು... ಆ ಕಾಲವೇ ಹಾಗಿತ್ತು ಮೇಡಂ."

"ಓದಿ. ಇನ್ನೂ ಇದೆ."

ಬಣ್ಣದ ತೊಟ್ಟಿಯ ಸಾಲು ಓದಿದ. ಲೆಕ್ಕಿಗನಿಗೆ ನಗು ಬಂತು, ಬ್ರಾಂಡ್‌ಸ್ಟೆಟರನಿಗೆ ಬರಲಿಲ್ಲ. ಕುಬಾತ್ ಕನ್ನಡಕ ಸರಿಮಾಡಿಕೊಂಡು ಕೊನೆಯ ಸಾಲನ್ನೂ ಓದಿದ. "ಹೊಣೆಗಾರಿಕೆಯ ಕೆಲಸಕ್ಕೆ ತಕ್ಕವಳಲ್ಲ. ಮೈಮುರಿದು ದುಡಿದರೆ ಸುಧಾರಿಸಬಹುದು."

"ಈ ಹೆಂಗಸು ಈಗ ಎಲ್ಲಿದ್ದಾಳೆ?" ಎಂದು ಬ್ರಾಂಡ್‌ಸ್ಟೆಟರ್ ಕೇಳಿದ.

"ನಿಮ್ಮ ಎಡಗಡೆ ಕೂತಿದ್ದಾಳೆ," ಎಂದೆ ಜರ್ಮನ್ನಿನಲ್ಲಿ. ಆಮೇಲೆ ಕುಬಾತನ ಕಡೆ ತಿರುಗಿ ನಮ್ಮ ಭಾಷೆಯಲ್ಲೂ ಹೇಳಿದೆ.

ಬ್ಲಾಂಕಾ, ಆ ಮುಖವನ್ನು ನೋಡಲು ನಾನು ಇನ್ನೂ ಹದಿನೆಂಟು ವರ್ಷ ಉಣ್ಣೆ ತೊಳೆಯುತ್ತಿದ್ದೆ.

ಬ್ರಾಂಡ್‌ಸ್ಟೆಟರ್ ಕಡತ ಮುಚ್ಚಿ, ನನ್ನ ಒಂದು ಬೆಳಗು ಹಾಳಾಯಿತು, ಇನ್ನು ಮುಂದೆ ಜನರನ್ನು ನಾವೇ ಹುಡುಕಿಕೊಳ್ಳುತ್ತೇವೆ ಎಂದ. ಅದು ದೊಡ್ಡ ವಿಷಯವಲ್ಲ.

ಹೊರಗೆ ಕುಬಾತ್ ಕೋಟಿನ ಗುಂಡಿಗಳನ್ನು ಅಡ್ಡಾದಿಡ್ಡಿ ಹಾಕಿಕೊಳ್ಳುತ್ತಿದ್ದ.

"ಹನ್ನೆರಡು ವಾರ ನನಗೆ ಪಾಠ ಹೇಳಿದ್ದು ಇದಕ್ಕೇನಾ?"

"ಇದಕ್ಕೇ."

"ಹ್ಞೂಂ," ಅಂದ. ನನ್ನನ್ನೇ ನೋಡುತ್ತ ನಿಂತ. ಈಗ ಅವನಿಗೆ ನೆನಪು ಬರುತ್ತಿತ್ತು, ನನಗೆ ಕಾಣುತ್ತಿತ್ತು. "ತೊಮೆಶೋವಾ. ಬಣ್ಣದ ಲ್ಯಾಬು. ವರದಿ ನಂದೇ, ಇಲ್ಲ ಅನ್ನಲ್ಲ. ಆದ್ರೆ ಆ ತೊಟ್ಟಿ ಮಾತು ನಾನು ಹುಟ್ಟಿಸಿದ್ದಲ್ಲ. ನಿಮ್ಮ ಊಟದ ಮೇಜಿನ ಹತ್ರ ನಾನಿರಲಿಲ್ಲವಲ್ಲ. ನಿಮ್ಮನ್ನ ಮದುವೆಯಾಗಬೇಕಿದ್ದ ಆ ಹುಡುಗನೂ ಹೇಳಿಲ್ಲ. ಮದುವೆ ಮುರಿದದ್ದು ಗಿರಣಿಗೆಲ್ಲ ಗೊತ್ತಿತ್ತು. ಪಾಪ, ಅವನನ್ನ ಸುಮ್ಸುಮ್ನೆ ಓಡಿಸಿದ್ರಿ ನೀವು."

ನೋಡು, ಎಲ್ಲಿಗೆ ಇಳಿದ. ವಿಲೆಮ್ ಅಲ್ಲ ಎಂದರೆ ಉಳಿದದ್ದು ಯಾರು? ಸತ್ತ ಅಪ್ಪನಿಗೆ ಮಸಿ ಬಳಿಯುತ್ತಿದ್ದಾನೆ. ಅಪ್ಪ ಅದೇ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದರಲ್ಲ, ಅದನ್ನು ಹಿಡಿದುಕೊಂಡಿದ್ದಾನೆ. ಒದ್ದಾಡುವವನು ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ. ಆದರೂ ಎರಡು ದಿನದಿಂದ ಆ ಮಾತು ಕಿವಿಯಲ್ಲಿ ಕೂತಿದೆ. ಅಪ್ಪ ಹಾಗೆ ಮಾಡಿರಬಹುದೆ? ನೀನಾದರೂ ಹೇಳು.

ಮಿಲಾದಾ


ಕೊಶಿತ್ಸೆ, 2 ಜನವರಿ 1993

ಪ್ರೀತಿಯ ಅಕ್ಕ,

ಹೊಸ ವರ್ಷದ ಶುಭಾಶಯ. ದೇಶ ಎರಡು ಪಾಲಾಗಿ ನಿನ್ನೆಯಿಂದ ನಾವಿಬ್ಬರೂ ಬೇರೆ ಬೇರೆ ದೇಶದವರು. ಅಂಚೆ ಕಚೇರಿಯವಳು ಈ ಕಾರ್ಡು ವಿದೇಶಕ್ಕೋ ಸ್ವದೇಶಕ್ಕೋ ಎಂದು ಯೋಚಿಸುತ್ತಿದ್ದಾಳೆ. ತಡವಾದದ್ದಕ್ಕೆ ಬೇಸರಿಸಬೇಡ. ಎಲ್ಲರೂ ಚೆನ್ನಾಗಿದ್ದೇವೆ.

ಸತ್ತವರನ್ನು ಕೆದಕುವುದು ಬೇಡ. ಅಪ್ಪ ಏನು ಮಾಡಿದ್ದರೂ ನಮಗೋಸ್ಕರ ಮಾಡಿರುತ್ತಾರೆ.

ಬ್ಲಾಂಕಾ


ಬ್ರನೋ, 20 ಜನವರಿ 1993

ಬ್ಲಾಂಕಾ,

ಸೋಮವಾರ ಕುಬಾತ್ ಬಂದಿದ್ದ. ಅದೇ ಕಪ್ಪು ಸೂಟು. ಕಂದು ಲಕೋಟೆಯೊಂದನ್ನು ಮೇಜಿನ ಮೇಲಿಟ್ಟ.

"ಎಂಬತ್ತೊಂಬತ್ತರ ಡಿಸೆಂಬರಲ್ಲಿ, ಪಾರ್ಟಿ ಆಡಳಿತ ಬಿದ್ದಾಗ, ಎಲ್ಲರೂ ಕಾಗದಗಳನ್ನ ಬಾಯ್ಲರಿಗೆ ಹಾಕಿ ಸುಟ್ರು," ಅಂದ. "ನಾನು ಒಂದಷ್ಟು ಮನೆಗೆ ತಂದಿಟ್ಕೊಂಡೆ. ಯಾವತ್ತಾದ್ರೂ ಬೇಕಾಗ್ತವೆ ಅಂತ."

"ಎಷ್ಟು ಬೇಕು ಇದಕ್ಕೆ?"

"ಏನೂ ಬೇಡ. ನೀವು ನನ್ನ ಕೈಲಿ ಓದಿಸಿದ್ರಿ. ಈಗ ನೀವು ಓದಿ. ನಾನು ಎದುರಿಗೆ ಕೂತಿರ್ತೀನಿ."

ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ನಾನು ತೆರೆದೆ. ಹಸಿರು ಶಾಯಿ. ನಿನ್ನ ಹದಿನೆಂಟನೇ ಹುಟ್ಟುಹಬ್ಬಕ್ಕೆ ನಾನೇ ತಂದುಕೊಟ್ಟಿದ್ದ ಶಾಯಿ. ಎರಡು ಪುಟ. ಕಚೇರಿಯ ಟೈಪ್‌ರೈಟರಿನಲ್ಲಿ ನಾನು ಕರಪತ್ರ ಟೈಪ್ ಮಾಡಿದ್ದು, ವಿದೇಶಿ ರೇಡಿಯೊ ಕೇಳಿದ್ದು, ತೊಟ್ಟಿಯ ಮಾತು, ನಾನು ನಕ್ಕದ್ದು. ಕೆಳಗೆ ನಿನ್ನ ಪೂರ್ತಿ ಹೆಸರು.

ನಾನು ಓದಿ ಮುಗಿಸುವವರೆಗೂ ಅವನು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಎದ್ದ. "ಚೆನ್ನಾಗಿ ಬರೆದಿದ್ದಾಳೆ," ಅಂದ. "ಒಂದು ಕಾಗುಣಿತ ತಪ್ಪಿಲ್ಲ."

ತಪ್ಪು ಅಪ್ಪನ ಮೇಲೆ ಬೀಳಲು ಬಿಟ್ಟೆ ನೀನು. ಹದಿನೆಂಟು ದಿನದ ಹಿಂದೆ, ಹೊಸ ವರ್ಷದ ಕಾರ್ಡಿನಲ್ಲಿ.

ನಿನ್ನ ಬಾಯಿಂದಲೇ ಕೇಳಬೇಕು. ಬರೆ.

ಮಿಲಾದಾ


ಕೊಶಿತ್ಸೆ, 29 ಜನವರಿ 1993

ಅಕ್ಕ,

ನಾನೇ.

ವೈದ್ಯಕೀಯಕ್ಕೆ ಅರ್ಜಿ ಹಾಕಲು ಅಪ್ಪನ ಕೆಲಸದ ಜಾಗದಿಂದ ಶಿಫಾರಸು ಬೇಕಿತ್ತು. ಕುಬಾತ್ ನನ್ನನ್ನು ಕರೆಸಿದ. ಮೇಜಿನ ಮೇಲೆ ಬಿಸ್ಕತ್ತಿನ ತಟ್ಟೆ ಇಟ್ಟಿದ್ದ.

"ನೋಡಮ್ಮ, ಒಂದು ಮನೆಗೆ ಒಂದೇ ಶಿಫಾರಸು," ಅಂದ. "ನಿಮ್ಮಕ್ಕನ ಹೆಸರೂ ಪಟ್ಟಿಯಲ್ಲಿದೆ, ಪ್ರಯೋಗಾಲಯದ ಮುಖ್ಯಸ್ಥೆ ಕೆಲಸಕ್ಕೆ. ಅವಳು ಆಗಲೇ ಇಂಜಿನಿಯರ್ ಆಗಿದ್ದಾಳೆ, ಅದನ್ನ ಯಾರೂ ಕಿತ್ಕೊಳ್ಳಲ್ಲ. ಮೇಲೆ ಹೋಗೋದು ಒಂದೆರಡು ವರ್ಷ ತಡ ಆಗತ್ತೆ, ಅಷ್ಟೆ. ನಿಂದು ಈ ವರ್ಷ ತಪ್ಪಿದ್ರೆ ತಪ್ಪಿದ ಹಾಗೇ."

ಅವನ ಮಾತು ನಂಬಿದೆ ಎಂದು ಬರೆಯಬಹುದು. ನಂಬಲಿಲ್ಲ. ನನಗೆ ಡಾಕ್ಟರ್ ಆಗಬೇಕಿತ್ತು. ಕೂತು ಬರೆದೆ, ಒಂದು ಬಿಸ್ಕತ್ತನ್ನೂ ತಿಂದೆ.

ವಿಲೆಮ್ ಮೂರು ಸಂಜೆ ನಮ್ಮ ಗೇಟಿನಲ್ಲಿ ನಿಂತಿದ್ದ. ನಾನು ಅಡುಗೆಮನೆಯ ಪರದೆಯ ಹಿಂದಿನಿಂದ ನೋಡುತ್ತಿದ್ದೆ. ಹೋಗಿ ಹೇಳಬಹುದಿತ್ತು. ನಾಲ್ಕನೆಯ ದಿನ ಬಂದರೆ ಹೇಳುತ್ತೇನೆ ಅಂದುಕೊಂಡೆ. ಅವನು ಬರಲಿಲ್ಲ. ನಾನು ಇಷ್ಟು ದೂರ ಮದುವೆಯಾಗಿ ಬಂದದ್ದು ಒಂದ್ರೆಯ್ ಮೇಲಿನ ಪ್ರೀತಿಗಷ್ಟೇ ಅಲ್ಲ. ಮೊನ್ನೆ ಅಪ್ಪನ ವಿಷಯ ಬರೆದದ್ದು ಯಾಕೆಂದು ಕೇಳಬೇಡ. ಸುಲಭವಿತ್ತು, ಬರೆದೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಆ ಕೆಲಸವನ್ನೂ ನಿನ್ನ ಮೇಲೆಯೇ ಹೊರಿಸಿದಂತಾಗುತ್ತದೆ. ನಾನೊಂದು ತೀರ್ಮಾನ ಮಾಡಿದ್ದೇನೆ. ಹದಿನೇಳನೇ ತಾರೀಕು ಕಳೆದ ಮೇಲೆ ತಿಳಿಸುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಏನೂ ಮಾಡಬೇಡ.

ಬ್ಲಾಂಕಾ


ಬ್ರನೋ, 8 ಫೆಬ್ರವರಿ 1993

ಬ್ಲಾಂಕಾ,

ಹದಿನೇಳು ಕಳೆದ ಮೇಲೆ. ಅಂದರೆ ಕುರ್ಚಿ ಸಿಕ್ಕ ಮೇಲೆ. ಅಲ್ಲಿಯವರೆಗೆ ಅಕ್ಕ ಬಾಯಿ ಮುಚ್ಚಿಕೊಂಡಿರಬೇಕು. ನಿನ್ನ ಲೆಕ್ಕಾಚಾರ ಅಂದಿಗೂ ಇಂದಿಗೂ ಒಂದೇ. ನಿನ್ನ ಅರ್ಜಿಯನ್ನು ನನ್ನ ಕೈಯಿಂದಲೇ ತಿದ್ದಿಸಿಕೊಂಡೆ, ಅವಕಾಶ ದೊರೆಯಲಿಲ್ಲ, ಗಳಿಸಿದೆ ಎಂದು ನನ್ನಿಂದಲೇ ಬರೆಸಿಕೊಂಡೆ.

ನಿನ್ನ ಎರಡು ಪುಟಗಳನ್ನು ಇವತ್ತು ಬೆಳಿಗ್ಗೆ ಆಯ್ಕೆ ಸಮಿತಿಯ ಅಧ್ಯಕ್ಷರ ಹೆಸರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ನಕಲಲ್ಲ, ಮೂಲವನ್ನೇ. ಕಳಿಸುವ ಮೊದಲು ಕುಬಾತನನ್ನು ಕೇಳಿದೆ, ಅವನಿಗೆ ಇಂಥದ್ದರಲ್ಲಿ ಅನುಭವವಿದೆ. ಹೆಸರಿಲ್ಲದೆ ಕಳಿಸಿ, ಹಾಗಾದರೆ ಹೆಚ್ಚು ಗಮನವಿಟ್ಟು ಓದುತ್ತಾರೆ ಎಂದ. ಆ ಒಂದು ಮಾತು ಕೇಳಲಿಲ್ಲ. ನನ್ನ ಹೆಸರು, ವಿಳಾಸ ಬರೆದಿದ್ದೇನೆ.

ಜೊತೆಗೆ ಅಭ್ಯರ್ಥಿಯ ಬಗ್ಗೆ ನನ್ನ ಅಭಿಪ್ರಾಯವೂ ಒಂದು ಪುಟ ಇದೆ. ಇಪ್ಪತ್ತೆರಡು ವರ್ಷ ನಿನ್ನನ್ನು ನಂಬಿದವಳ ಅಭಿಪ್ರಾಯ. ಕೊನೆಯ ಸಾಲು: ಹೊಣೆಗಾರಿಕೆಯ ಕೆಲಸಕ್ಕೆ ತಕ್ಕವಳಲ್ಲ. ಬೇರೆ ಶಬ್ದ ಹುಡುಕಿದೆ, ಸಿಗಲಿಲ್ಲ.

ಮಿಲಾದಾ ಪೆಲಿಕಾನೋವಾ


ಕೊಶಿತ್ಸೆ, 2 ಮಾರ್ಚ್ 1993

ಮಿಲಾದಾ,

ಸಮಿತಿಗೆ ನೀನು ಕಳಿಸಿದ ಲಕೋಟೆ ತಲುಪಿತು. ನನಗೆ ಬರೆದ ಪತ್ರ ಎಲ್ಲೋ ಗಡಿಯಲ್ಲಿ ಉಳಿದು, ಹದಿನೆಂಟಕ್ಕೆ ಬಂತು. ಹಾಗಾಗಿ ಹದಿನೇಳರ ಬೆಳಿಗ್ಗೆ ನಾನು ಏನೂ ತಿಳಿಯದೆ ಒಳಗೆ ಹೋದೆ.

ನನ್ನ ಜೇಬಿನಲ್ಲಿ ಒಂದು ಹಾಳೆ ಇತ್ತು. ನಿನಗೆ ಪತ್ರ ಬರೆದ ದಿನವೇ ಅದನ್ನೂ ಬರೆದಿದ್ದೆ. ಅರ್ಜಿಯನ್ನು ಹಿಂದೆಗೆದುಕೊಳ್ಳುತ್ತಿದ್ದೇನೆ, ನಾನು ಈ ವೃತ್ತಿಗೆ ಹೇಗೆ ಬಂದೆ ಎಂಬುದು ಇದು, ಎಂದು. ಅಂಚೆಯಲ್ಲಿ ಕಳಿಸಿದರೆ ಹೇಡಿತನವಾಗುತ್ತದೆ, ಐವರ ಮುಖ ನೋಡಿ ಓದಿ ಹೇಳಿ ಬರಬೇಕು ಅಂದುಕೊಂಡಿದ್ದೆ. ನನ್ನ ತೀರ್ಮಾನ ಅದಾಗಿತ್ತು. ಮೊದಲೇ ಹೇಳಿದರೆ ನಿನ್ನನ್ನು ಮೆಚ್ಚಿಸಲು ಮಾಡಿದಂತಾಗುತ್ತದೆ ಎಂದು ಬರೆಯಲಿಲ್ಲ.

ಕೂತ ತಕ್ಷಣ ಅಧ್ಯಕ್ಷರು ಹಸಿರು ಶಾಯಿಯ ಪುಟಗಳನ್ನು ನನ್ನ ಮುಂದೆ ಹರಡಿದರು.

"ಡಾಕ್ಟರ್, ಇದು ನಿಮ್ಮ ಕೈಬರಹವಾ?"

"ನನ್ನದೇ."

"ಕಳಿಸಿದೋರು ಯಾರು ಗೊತ್ತಾ?"

ನಿನ್ನ ಪುಟವನ್ನೂ ಕೊಟ್ಟರು. ಓದಿದೆ. ಕೊನೆಯ ಸಾಲನ್ನೂ ಓದಿದೆ. "ನನ್ನ ಅಕ್ಕ," ಎಂದೆ. ಕೈ ಜೇಬಿಗೆ ಹೋಗಿತ್ತು. ಹಾಳೆ ಬೆರಳಿಗೆ ತಾಗುತ್ತಿತ್ತು. ಅಲ್ಲೇ ಬಿಟ್ಟು ಬರೀ ಕೈಯನ್ನು ಹೊರಗೆ ತೆಗೆದೆ.

ಸಮಿತಿಯಲ್ಲಿ ಒಬ್ಬ ಮುದಿ ಶಸ್ತ್ರವೈದ್ಯರಿದ್ದಾರೆ. ಅವರು ಗಂಟಲು ಸರಿಮಾಡಿಕೊಂಡು, "ಆ ವರ್ಷಗಳಲ್ಲಿ ಇಂಥದ್ದೊಂದೂ ಬರೀದೇ ಇದ್ದವರು ಈ ಕೋಣೇಲಿ ಯಾರಿದ್ದೀರಿ, ಕೈ ಎತ್ತಿ ನೋಡೋಣ," ಅಂದರು. ಯಾರೂ ಎತ್ತಲಿಲ್ಲ. ಅಧ್ಯಕ್ಷರು ಪುಟಗಳನ್ನು ಮಡಿಸಿ ಕಡತದ ಕೆಳಗೆ ಸೇರಿಸಿದರು. "ಮುಂದಿನ ಪ್ರಶ್ನೆ. ಪಾಳಿಗೆ ದಾದಿಯರು ಸಾಲ್ತಾ ಇಲ್ಲ. ನೀವಾದ್ರೆ ಏನು ಮಾಡ್ತೀರಿ?"

ನಲವತ್ತು ನಿಮಿಷ ಮಾತಾಡಿದೆ. ಅಷ್ಟು ಚೆನ್ನಾಗಿ ನಾನು ಎಂದೂ ಮಾತಾಡಿರಲಿಲ್ಲ. ಎದುರಿಗೆ ನೀನೇ ಕೂತಿದ್ದೀಯ ಎಂಬಂತೆ ಪ್ರತಿ ಉತ್ತರವನ್ನೂ ನಿನ್ನ ಮುಖಕ್ಕೆ ಹೇಳಿದೆ. ನಾಲ್ಕು ಮತ ನನಗೆ ಬಿದ್ದವು, ಒಂದು ಇನ್ನೊಬ್ಬರಿಗೆ. ಹೊರಗೆ ಬಂದು ಜೇಬಿನ ಹಾಳೆಯನ್ನು ಹರಿದು ಕ್ಯಾಂಟೀನಿನ ಬೂದಿಬಟ್ಟಲಿಗೆ ಹಾಕಿದೆ.

ನೀನು ಒಂಬತ್ತು ದಿನ ಸುಮ್ಮನಿದ್ದಿದ್ದರೆ ಈ ಕೆಲಸ ನನಗೆ ಬರುತ್ತಿರಲಿಲ್ಲ. ಇದನ್ನು ನಾನೇ ಕೈಯಾರೆ ಬಿಟ್ಟುಕೊಡುತ್ತಿದ್ದೆ. ಇನ್ನು ಬಿಡುವುದಿಲ್ಲ, ಕಣ್ಣು ಮುಚ್ಚುವವರೆಗೂ ಬಿಡುವುದಿಲ್ಲ. ಕುಬಾತನಿಗೂ ತಿಳಿಸು.

ನಿನ್ನೆ ಮೊದಲ ಸಲ ಮುಖ್ಯಸ್ಥೆಯ ಕೋಣೆಯಲ್ಲಿ ಕೂತೆ. ನಾಚಿಕೆಯಾಗುತ್ತದೆಂದು ಕಾದೆ. ಇಪ್ಪತ್ತೆರಡು ವರ್ಷ ದಿನ ತಪ್ಪದೆ ಬರುತ್ತಿದ್ದದ್ದು ನಿನ್ನೆ ಬರಲಿಲ್ಲ, ಇವತ್ತೂ ಬಂದಿಲ್ಲ. ಅಂಥದ್ದೇ ಒಂದು ಹಾಳೆ ನೀನೂ ಬರೆದು, ಅಷ್ಟನ್ನು ನನಗೆ ಮಾಡಿಕೊಟ್ಟೆ.

ಡಾ. ಬ್ಲಾಂಕಾ